ದನದ ಹೃದಯಕ್ಕೆ ತಂತಿ ಚುಚ್ಚುವ ಬೇನೆ: ಲಕ್ಷಣಗಳೂ ಪರೀಕ್ಷೆಗಳೂ

ಹಸು ಎಮ್ಮೆಗಳು ಮೇವನ್ನು ನಾಲಗೆಯಿಂದ ಬಾಚಿ, ಅರೆಬರೆ ಅಗಿದು ನುಂಗಿ, ಆಮೇಲೆ ಮೆಲುಕುಹಾಕುವ ಸ್ವಭಾವದವು. ಆದಕಾರಣ ಹುಲ್ಲಿನಲ್ಲಿ ಸೇರಿದ ಮೊಳೆ, ಸೂಜಿ, ತಂತಿಯ ತುಂಡು ಮೊದಲಾದುವು ತಿಳಿಯದೆ ಒಳಹೋಗುವುವು. ಇವು ಭಾರವಾಗಿರುವುದರಿಂದ, ಒಳಮೈ ಜೇನುಹಟ್ಟಿಯಂತಿರುವ ಎರಡನೆಯ ಹೊಟ್ಟೆಯಲ್ಲಿ ನಿಂತುಬಿಡುತ್ತವೆ. ಈ ಹೊಟ್ಟೆಗೂ ಹೃದಯಕ್ಕೂ ನಡುವೆ ವಪೆಯೆಂಬ ಮಾಂಸದ ಪರದೆಯುಂಟು. ಅಂತರವು ಕೆಲವೇ ಅಂಗುಲ. ಹೊಟ್ಟೆಯು ಕುಗ್ಗಿದಾಗಲೆಲ್ಲ ಮೊನೆಯು ಮುಂದೊತ್ತಿ, ಹೃದಯವನ್ನು ಸುತ್ತಿರುವ ಕೋಶವನ್ನು ಚುಚ್ಚಿದರೆ, ಅಲ್ಲಿ ಕೀವು ತುಂಬಿ ಹೃದಯವು ಸರಿಯಾಗಿ ಬಡಿಯಲಾರದಾಗುವುದು. ತುಂಬುಗಬ್ಬದ ಹಸುಗಳಲ್ಲಿ ಕರುವಿನ ಭಾರವೂ ಈಯುವಾಗಿನ ತಿಣುಕೂ ತಂತಿಯನ್ನು ಮತ್ತಷ್ಟು ಮುಂದಕ್ಕೆ ತಳ್ಳುವುವು.

ಮೊದಲ ದಿನಗಳ ಲಕ್ಷಣಗಳು ಕಣ್ಣಿಗೆ ಅಲ್ಪವೆನಿಸತಕ್ಕವು. ನಿನ್ನೆ ಪೂರ್ಣವಾಗಿ ಹಾಲು ಕರೆದ ಹಸುವು ಇಂದು ಥಟ್ಟನೆ ಹಾಲು ಇಳಿಸುವುದು, ಮೇವು ಬಿಡುವುದು, ಮೆಲುಕು ನಿಲ್ಲುವುದು. ಬೆನ್ನನ್ನು ಕಮಾನಿನಂತೆ ಮೇಲೆತ್ತಿ, ಮುಂಗಾಲುಗಳ ಮೊಣಕೈಗಳನ್ನು ಪಕ್ಕೆಯಿಂದ ಹೊರಚಾಚಿ ನಿಲ್ಲುವುದು. ಇಳಿಜಾರಿನಲ್ಲಿ ಇಳಿಯಲು ಹಿಂಜರಿಯುವುದು, ಮಲಗುವಾಗಲೂ ಏಳುವಾಗಲೂ ನರಳುವುದು. ಜ್ವರವು ಹೆಚ್ಚಾಗಿರದೆ 103 ಡಿಗ್ರಿಯ ಆಸುಪಾಸಿನಲ್ಲಿರಬಹುದು. ಆರೋಗ್ಯದಲ್ಲಿರುವ ದನದ ಶಾಖವು ಸುಮಾರು 101.5 ಡಿಗ್ರಿ. ಇದನ್ನು ಅಜೀರ್ಣವೆಂದು ಬಗೆದು ಗೊಟ್ಟದಿಂದ ಎಣ್ಣೆ ಹೊಯ್ಯುವುದು ವಾಡಿಕೆ. ಎಣ್ಣೆಯಿಂದ ತಂತಿ ಕದಲುವುದಿಲ್ಲ. ಶ್ವಾಸಕೋಶಕ್ಕೆ ಇಳಿದರೆ ಬೇರೊಂದು ಬೇನೆ ಗಂಟುಬೀಳುವುದು.

ಮೂರು ನಾಲ್ಕು ದಿನಗಳಲ್ಲಿ ಅನೇಕ ಹಸುಗಳು ತಾವಾಗಿಯೇ ಚೇತರಿಸಿಕೊಂಡಂತೆ ಕಾಣುವುವು. ಮೋಸವಿರುವುದು ಇಲ್ಲಿಯೇ. ತಂತಿಯು ಹಿಂದಕ್ಕೆ ಜಾರಿರಲೂಬಹುದು, ಹೃದಯದ ಕಡೆಗೆ ನಡೆದಿರಲೂಬಹುದು. ಈ ಬಿಡುವಿನಲ್ಲಿ ಹಸುವನ್ನು ಸಂತೆಗೆ ಹೊಡೆಯುವುದೂ, ವಾರಗಳ ಮೇಲೆ ಅದು ಕೊಂಡವನ ಹಟ್ಟಿಯಲ್ಲಿ ಸಾಯುವುದೂ, ವ್ಯಾಜ್ಯವು ಊರ ಮುಖ್ಯಸ್ಥರ ಮುಂದೆ ಬರುವುದೂ ಆಗಬಹುದಾದ ಸಂಗತಿ. ಅಂಥ ವ್ಯಾಜ್ಯದಲ್ಲಿ ವಿಷಪ್ರಯೋಗವೆಂದು ಒಬ್ಬರ ಮೇಲೆ ತಪ್ಪು ಹೊರಿಸುವ ಮುನ್ನ ಪಶುವೈದ್ಯರಿಂದ ಶವಪರೀಕ್ಷೆ ಮಾಡಿಸುವುದು ನ್ಯಾಯ.

ಹೃದಯಕೋಶವು ಕೆಟ್ಟಮೇಲೆ ಕೊರಳಿನ ಎರಡು ಪಕ್ಕದ ರಕ್ತನಾಳಗಳು ಹಗ್ಗದಂತೆ ಉಬ್ಬುವುವು. ಗಂಗೆದೊಗಲಿನಲ್ಲಿಯೂ ದವಡೆಯ ಕೆಳಗೂ ನೀರು ತುಂಬಿ ಬಾವು ಬರುವುದು. ನಾಡಿಯು ನಿಮಿಷಕ್ಕೆ 60ರಿಂದ 80 ಇರತಕ್ಕದ್ದು 100ನ್ನು ಮೀರುವುದು. ಇದನ್ನು ಬಾಲದ ಬುಡದ ಅಡಿಯಲ್ಲಿ ಬೆರಳಿಟ್ಟು ಎಣಿಸಬಹುದು. ಎದೆಗೆ ಕಿವಿಗೊಟ್ಟರೆ ಬಡಿತವು ಮಂಕಾಗಿ, ಕೆಲವು ವೇಳೆ ಕೊಡದಲ್ಲಿ ನೀರು ತುಳುಕಿದಂತೆ ಕೇಳುವುದು. ಆದರೆ ಕಂಡದ್ದಕ್ಕೆಲ್ಲ ಹೆದರಬೇಕಾದುದಿಲ್ಲ. ತಲೆಯನ್ನು ಸಮವಾಗಿ ಹಿಡಿದು ನಿಂತ ಹಸುವಿನ ಕೊರಳ ಬುಡದ ಮೂರನೆಯ ಒಂದು ಭಾಗದಲ್ಲಿ ನಾಳವು ಮಿಡಿಯುವುದು ಸಹಜ. ಮಿಡಿತವು ಅದಕ್ಕಿಂತ ಮೇಲೇರಿದರೆ ಅನುಮಾನಿಸಬೇಕು. ದವಡೆಯ ಬಾವು ಮಾತ್ರ ಇದ್ದು ಕೊರಳ ನಾಳವು ಉಬ್ಬಿರದಿದ್ದರೆ, ಕೆರೆಯಂಚಿನಲ್ಲಿ ಮೇಯುವ ದನಗಳಿಗೆ ತಗಲುವ ಯಕೃತ್ತಿನ ಹುಳುವು ಕಾರಣವಾಗಿರಬಹುದು.

ಪಶುವೈದ್ಯರು ಹೆಗಲ ಹಿಂದಿನ ಬೆನ್ನನ್ನು ಹಿಸುಕಿ ನೋಡುವರು. ಸುಖವಾಗಿರುವ ದನವು ಬೆನ್ನನ್ನು ಕೆಳಕ್ಕೆ ತಗ್ಗಿಸುವುದು. ನೋವಿರುವುದು ತಗ್ಗಿಸದು, ನರಳುವುದು. ಎದೆಮೂಳೆಯ ಹಿಂದೆ ಹೊಟ್ಟೆಯಡಿ ಗಳುವನ್ನಿಟ್ಟು ಇಬ್ಬರಿಂದ ಮೆಲ್ಲನೆ ಎತ್ತಿಸಿ ಥಟ್ಟನೆ ಬಿಡಿಸುವುದೂ ಒಂದು ಕ್ರಮ. ಲೋಹಶೋಧಕ ಯಂತ್ರವು ಕೂಗಿತೆಂದು ಗಾಬರಿಪಡುವವರುಂಟು. ಅದು ತಿಳಿಸುವುದು ಲೋಹವಿರುವುದನ್ನೇ ಹೊರತು ಚುಚ್ಚಿರುವುದನ್ನಲ್ಲ. ದೃಢಕಾಯದ ಎಷ್ಟೋ ಹಸುಗಳ ಹೊಟ್ಟೆಯಲ್ಲಿಯೂ ಮೊಳೆಗಳಿರುವುವು. ರಕ್ತದ ಬಿಳಿಯ ಕಣಗಳು ಘನ ಮಿಲಿಮೀಟರಿಗೆ 4,000ದಿಂದ 12,000 ಇರುವುದು ವಾಡಿಕೆ. ಲೆಕ್ಕವು ಮೀರಿದ್ದರೆ ಒಳಗೆಲ್ಲಿಯೋ ಉರಿಯೂತವಿದೆಯೆಂದು ಅರ್ಥ. ಅದು ಕೆಚ್ಚಲಿನದೂ ಗರ್ಭಕೋಶದ್ದೂ ಆಗಿರಬಹುದು. ಲೆಕ್ಕವು ಸರಿಯಾಗಿದ್ದ ಮಾತ್ರಕ್ಕೆ ಬೇನೆಯಿಲ್ಲವೆನ್ನಲೂ ಆಗದು. ಹೃದಯದ ಸುತ್ತ ದ್ರವ ತುಂಬಿರುವುದನ್ನು ಚೆನ್ನಾಗಿ ತೋರಿಸುವುದು ಅಲ್ಟ್ರಾಸೌಂಡ್ ಪರೀಕ್ಷೆ. ತಂತಿಯ ಸ್ಥಾನವನ್ನು ಎಕ್ಸ್-ರೇ ತೋರಿಸಬಹುದು. ಹೆಚ್ಚಿನ ತಪಾಸಣೆಗೆ ಹೆಬ್ಬಾಳ, ಬೀದರ, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳುಂಟು.

ಮೊದಲ ಒಂದೆರಡು ದಿನಗಳಲ್ಲಿ ವೈದ್ಯರನ್ನು ಕರೆಸಿದರೆ ಉಪಾಯಗಳುಂಟು. ಮುಂಗಾಲುಗಳು ಎತ್ತರದಲ್ಲಿರುವಂತೆ ಗೇಣುದ್ದದ ಜಗಲಿಯ ಮೇಲೆ ಹಸುವನ್ನು ಕಟ್ಟಿ, ಹೊಟ್ಟೆಯೊಳಕ್ಕೆ ಸೂಜಿಗಲ್ಲನ್ನು ನುಂಗಿಸಿ, ಔಷಧಿಯನ್ನು ಕೊಡುವರು. ಗುಣವಾಗದಿದ್ದರೆ ಹೊಟ್ಟೆಯನ್ನು ಕೊಯ್ದು ತಂತಿಯನ್ನು ತೆಗೆಯುವರು. ಗಂಗೆದೊಗಲು ಬಾತಮೇಲೆ ಕರೆಸಿದರೆ ಬದುಕುವ ದನಗಳು ವಿರಳ.

ಮನೆ ಕಟ್ಟುವ ಕಡೆ ಕಂಬಿ ಬಿಗಿಯುವ ಸಣ್ಣ ತಂತಿಯೂ, ಟೈರು ಸುಟ್ಟ ಬೂದಿಯಲ್ಲಿ ಉಳಿಯುವ ಕೂದಲೆಳೆಯಂಥ ಉಕ್ಕಿನ ತಂತಿಯೂ ವಿಶೇಷ ಅಪಾಯಕರವಾದುವು. ಬಣವೆಯ ಬಳಿ ಟೈರು ಸುಡಕೂಡದು. ಮೇವು ಕತ್ತರಿಸುವ ಯಂತ್ರದ ಬಾಯಲ್ಲಿ ಸೂಜಿಗಲ್ಲನ್ನು ಜೋಡಿಸಿ, ಅದಕ್ಕೆ ಅಂಟಿದ ಚೂರುಗಳನ್ನು ದಿನವೂ ಒರೆಸಿ, ದನಗಳು ಹೋಗದ ಕಡೆ ಹೂಳತಕ್ಕದ್ದು.