ಮೂರು ಸೊನ್ನೆ, ಆರು ಕಾಲು

ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ಇರುವೆಯ ಚಿತ್ರ ಬರೆ ಅನ್ನಿ. ಸಾಲಾಗಿ ಮೂರು ಸೊನ್ನೆ ಸುತ್ತಿ, ಒಂದೊಂದಕ್ಕೂ ಒಂದೊಂದು ಜೊತೆ ಕಾಲು ಹಚ್ಚುವ ಮಕ್ಕಳೇ ಹೆಚ್ಚು. ಸೊನ್ನೆ ಸರಿ, ಕಾಲಿನ ಲೆಕ್ಕವೂ ಸರಿ, ತಪ್ಪಿದ್ದು ಜಾಗ. ಇರುವೆಯ ಆರೂ ಕಾಲುಗಳು ಹೊರಡುವುದು ನಡುವಿನ ಸೊನ್ನೆಯಿಂದ, ಅಂದರೆ ಎದೆಯಿಂದ. ಇಷ್ಟು ತಿಳಿದರೆ ಅರ್ಧ ಪಾಠ ಮುಗಿಯಿತು.

ತಲೆ, ಎದೆ, ಹೊಟ್ಟೆ: ಕೀಟದ ಮೈಗೆ ಭಾಗಗಳು ಮೂರೇ. ಮೊದಲು ಇವನ್ನು ತೆಳು ಗೆರೆಯಲ್ಲಿ ಗುರುತಿಸಿಕೊಳ್ಳಬೇಕು. ಇರುವೆಗಾದರೆ ಎದೆಗೂ ಹೊಟ್ಟೆಗೂ ನಡುವೆ ಸಣ್ಣ ಗಂಟಿನಂಥ ಸೊಂಟ. ಏರೋಪ್ಲೇನ್ ಚಿಟ್ಟೆಗೆ ಹೊಟ್ಟೆಯೇ ಉದ್ದನೆಯ ಕಡ್ಡಿ. ಗುಲಗಂಜಿ ಹುಳುವಿಗೆ ಬೋರಲು ಹಾಕಿದ ಬಟ್ಟಲಿನಂಥ ಬೆನ್ನು, ಅದರ ನಡುವೆ ಒಂದು ನೇರ ಗೆರೆ. ರೆಕ್ಕೆಯಿದ್ದರೆ ಅದೂ ಎದೆಯಿಂದಲೇ.

ಜೇಡ ಕೀಟವಲ್ಲ. ಅದಕ್ಕೆ ತಲೆ, ಎದೆ ಒಂದಾಗಿರುವುದರಿಂದ ಎರಡೇ ಸೊನ್ನೆ ಸಾಕು. ಎಂಟು ಕಾಲುಗಳೂ ಮುಂದಿನ ಸೊನ್ನೆಯಿಂದ ಬರಬೇಕು, ಕುಡಿಮೀಸೆ ಇಲ್ಲ. ಕಾಲನ್ನು ಒಂದೇ ಬಾಗುಗೆರೆಯಲ್ಲಿ ಎಳೆಯಬೇಡಿ. ಮಡಿಚುವ ಕಡೆಗಳಲ್ಲಿ ಚುಕ್ಕೆಯಿಟ್ಟು ಕೂಡಿಸಿ. ಜೇಡ ಈಗಲೋ ಆಗಲೋ ಓಡುವಂತೆ ಕಾಣುತ್ತದೆ.

ಈ ಲೆಕ್ಕದ ಬೆಲೆ ತಿಳಿಯುವುದು ಮಾವಿನ ಮರದ ಕೆಳಗೆ. ಎಲೆ ಹೆಣೆದು ಗೂಡು ಕಟ್ಟುವ ಚಗಳಿ ಇರುವೆಯದೇ ಬಣ್ಣ, ಅದೇ ಸಪೂರ ಸೊಂಟ ಇರುವ ಜೇಡವೊಂದಿದೆ. ಮುಂಗಾಲೆರಡನ್ನು ಎತ್ತಿ ಕುಡಿಮೀಸೆಯಂತೆ ಆಡಿಸುತ್ತದೆ. ನೋಡಿದವರು ಇರುವೆಯೆಂದೇ ನಂಬುತ್ತಾರೆ. ಬರೆಯಲು ಕೂತವರು ಕಾಲು ಎಣಿಸುತ್ತಾರೆ; ಎಂಟು ಸಿಗುತ್ತದೆ.

ಹೀಗೆ ನೋಡಿ ಬರೆಯುವುದನ್ನೇ ಬದುಕಾಗಿಸಿಕೊಂಡವರು 1647ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದ ಮರಿಯಾ ಸಿಬಿಲ್ಲಾ ಮೆರಿಯನ್. ಕೊಳೆತದ್ದರಿಂದ ಹುಳು ಹುಟ್ಟುತ್ತದೆಂದು ಬಹಳ ಜನ ನಂಬಿದ್ದ ಕಾಲವದು. ಅವರು ಕಂಬಳಿಹುಳುಗಳನ್ನು ಸಾಕಿ, ಮೊಟ್ಟೆಯಿಂದ ಚಿಟ್ಟೆಯವರೆಗಿನ ಬದಲಾವಣೆಗಳನ್ನು ಅವು ತಿನ್ನುವ ಗಿಡದ ಸಮೇತ ಬರೆದರು. 1699ರಲ್ಲಿ, 52ನೇ ವಯಸ್ಸಿನಲ್ಲಿ, ಕಿರಿಯ ಮಗಳೊಂದಿಗೆ ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋದರು. 1705ರಲ್ಲಿ ಬಂದ ಅವರ ಪುಸ್ತಕದ ಒಂದು ಪುಟದಲ್ಲಿ ಸೀಬೆ ಕೊಂಬೆಯ ಮೇಲೆ ಜೇಡಗಳೂ ಇರುವೆಗಳೂ ಒಟ್ಟಿಗಿವೆ. ಆ ಚಿತ್ರ ಇಂದಿಗೂ ಪ್ರಸಿದ್ಧ.

ಕೀಟಗಳ ಚಿತ್ರ ಬರೆಯಲು ಅವನ್ನು ಹಿಡಿಯಬೇಕಿಲ್ಲ, ಕೊಲ್ಲಬೇಕಿಲ್ಲ. ಮೆತ್ತನೆಯ ಪೆನ್ಸಿಲ್, ಒಂದು ಹಾಳೆ, ಹತ್ತು ನಿಮಿಷದ ತಾಳ್ಮೆ ಸಾಕು. ಮಕ್ಕಳನ್ನು ಕರೆದುಕೊಂಡು ಹಿತ್ತಿಲಿಗೋ ಬಾಲ್ಕನಿಯ ಕುಂಡದ ಬಳಿಗೋ ಹೋಗಿ ಕೂರಿ. ಮೊದಲು ಎಣಿಸಿ, ಆಮೇಲೆ ಬರೆಯಿರಿ.