ಹೋಟೆಲಿನ ಪಾಲುಗಾರಿಕೆಯೂ ಕಾನೂನೂ

ಕರಾವಳಿಯಿಂದ ಪುಣೆಗೆ ಬಂದ ಕನ್ನಡಿಗರ ಬಾಳಿನಲ್ಲಿ ಹೋಟೆಲಿಗಿರುವ ಸ್ಥಾನ ಎಲ್ಲರೂ ಬಲ್ಲದ್ದು. ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ಜಗನ್ನಾಥ ಶೆಟ್ಟರು ಬೆಳೆಸಿದ ‘ವೈಶಾಲಿ’ ಇಂದು ಊರಿನ ಗುರುತುಗಳಲ್ಲೊಂದು. ಅಷ್ಟು ಪ್ರಸಿದ್ಧಿಗೆ ಬಾರದ ಹೋಟೆಲುಗಳಲ್ಲಿ ಅನೇಕವು ಆರಂಭವಾಗುವುದು ಬರಿಯ ಮಾತಿನ ಮೇಲೆ. ಒಬ್ಬನು ಊರಿನಲ್ಲಿ ಸಾಲವೆತ್ತಿ ಹಣ ತರುತ್ತಾನೆ. ಅವನ ಭಾವನು ಅಡುಗೆಮನೆಯನ್ನೂ ಗಲ್ಲೆಯನ್ನೂ ನೋಡಿಕೊಳ್ಳುತ್ತಾನೆ. ಮೂರನೆಯವನ ಹೆಸರಿನಲ್ಲಿ ಜಾಗದ ಬಾಡಿಗೆ ರಸೀದಿ ಇರುತ್ತದೆ. ವ್ಯಾಪಾರ ಬೆಳೆದಾಗಲೋ ಮೂವರಲ್ಲೊಬ್ಬನು ತೀರಿಕೊಂಡಾಗಲೋ ‘ಹೋಟೆಲು ಯಾರದು?’ ಎಂಬ ಪ್ರಶ್ನೆ ಏಳುತ್ತದೆ. ಪಾಲುಗಾರರು ಯಾರು, ಆಡಳಿತ ಯಾರದು, ಜಾಗ ಯಾರದು, ದಾವೆ ಹೂಡುವ ಅಧಿಕಾರ ಯಾರಿಗೆ ಎಂದು ಕಾನೂನು ಈ ಪ್ರಶ್ನೆಯನ್ನು ನಾಲ್ಕಾಗಿ ಒಡೆದು ನೋಡುತ್ತದೆ. ಒಂದರಲ್ಲಿ ಗೆದ್ದವನು ಇನ್ನೊಂದರಲ್ಲಿ ಸೋಲುವುದುಂಟು.

1932ರ ಭಾರತೀಯ ಪಾಲುಗಾರಿಕೆ ಕಾಯಿದೆಯ ಪ್ರಕಾರ, ಎಲ್ಲರೂ ಅಥವಾ ಎಲ್ಲರ ಪರವಾಗಿ ಒಬ್ಬನು ನಡೆಸುವ ವ್ಯವಹಾರದ ಲಾಭವನ್ನು ಹಂಚಿಕೊಳ್ಳಲು ಒಪ್ಪಿದವರು ಪಾಲುಗಾರರು. ಒಪ್ಪಂದವು ಬಾಯಿಮಾತಿನದಾದರೂ ಸಲ್ಲುತ್ತದೆ. ಆದರೆ ಲಾಭದಲ್ಲಿ ಅಂಶ ಪಡೆದ ಮಾತ್ರಕ್ಕೆ ಯಾರೂ ಪಾಲುಗಾರರಾಗುವುದಿಲ್ಲ. ಸಂಬಳದ ಬದಲು ಲಾಭಾಂಶ ಪಡೆಯುವ ಮ್ಯಾನೇಜರನು ನೌಕರನೇ ಆಗಿರಬಹುದು. ಬೇರೆ ಕರಾರಿಲ್ಲದಿದ್ದಲ್ಲಿ, ಹಣ ಹಾಕಿದ ಪಾಲುಗಾರನಿಗೂ ದುಡಿದವನಿಗೂ ಲಾಭದಲ್ಲಿ ಸಮಪಾಲು.

ಆಡಳಿತದ ವಿಷಯದಲ್ಲಿಯೂ ಹೀಗೆಯೇ. ವಿರುದ್ಧ ಕರಾರಿಲ್ಲದಿದ್ದರೆ ಪ್ರತಿಯೊಬ್ಬ ಪಾಲುಗಾರನಿಗೂ ವ್ಯವಹಾರದಲ್ಲಿ ಕೈಹಾಕುವ, ಲೆಕ್ಕದ ಪುಸ್ತಕಗಳನ್ನು ನೋಡುವ ಹಕ್ಕುಂಟು. ದಿನನಿತ್ಯದ ವಿಷಯಗಳು ಬಹುಮತದಿಂದ ತೀರ್ಮಾನವಾಗುತ್ತವೆ. ಆದರೆ ಕರಾರಿನಲ್ಲಿ ಅಧಿಕಾರವಿಲ್ಲದೆ ಬಹುಮತದವರು ಒಬ್ಬನನ್ನು ಹೊರಹಾಕುವಂತಿಲ್ಲ. ಆದುದರಿಂದ ಗಲ್ಲೆಯ ಮೇಲೆ ಕುಳಿತವನು ಬೀಗ ಬದಲಿಸಿದರೆ ಇನ್ನೊಬ್ಬನ ಪಾಲು ಅಳಿಯುವುದಿಲ್ಲ. ಇಬ್ಬರೇ ಪಾಲುಗಾರರಿದ್ದರೆ ಬಹುಮತವೆಂಬುದೇ ಇಲ್ಲ. ಆಗ ಒಬ್ಬನು ಬ್ಯಾಂಕಿಗೆ ಪತ್ರ ಬರೆದರೆ ಸಾಮಾನ್ಯವಾಗಿ ಖಾತೆ ನಿಲ್ಲುತ್ತದೆ. ದಿನಸಿಯವನಿಗೂ ಹಾಲಿನವನಿಗೂ ಕೊಡಲು ಹಣವಿಲ್ಲದಾಗುತ್ತದೆ. ನ್ಯಾಯಾಲಯವು ರಿಸೀವರನನ್ನು ನೇಮಿಸಬಲ್ಲುದು. ಆದರೆ ಹೋಟೆಲು ಹೊಲದಂತೆ ತೀರ್ಪಿಗೆ ಕಾದು ಕೂರುವ ವಸ್ತುವಲ್ಲ. ಒಮ್ಮೆ ಎದ್ದುಹೋದ ಗಿರಾಕಿಯನ್ನು ಡಿಕ್ರಿಯು ಮರಳಿ ತರಲಾರದು.

ಜಾಗದ ತೊಡಕು ಇನ್ನೂ ಹಳೆಯದು. 1947ರ ಮುಂಬಯಿ ಬಾಡಿಗೆ ಕಾಯಿದೆಯು ಒಳಬಾಡಿಗೆಯನ್ನು ನಿಷೇಧಿಸಿತ್ತು. ಆದಕಾರಣ, ಬಾಡಿಗೆದಾರನು ಹೋಟೆಲನ್ನು ಬೇರೆಯವರಿಗೆ ವಹಿಸಿದಾಗ ಅದನ್ನು ಕಾಗದದಲ್ಲಿ ‘ಪಾಲುಗಾರಿಕೆ’ ಎಂದೋ ‘ಕಂಡಕ್ಟಿಂಗ್’ ಎಂದೋ ಬರೆದುಕೊಳ್ಳುವ ವಾಡಿಕೆ ಬೆಳೆಯಿತು. ಆ ಕಾಯಿದೆಯ ಸ್ಥಾನದಲ್ಲಿ 2000ದ ಮಾರ್ಚ್ 31ರಿಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ ಜಾರಿಗೆ ಬಂದಿದೆ. ನ್ಯಾಯಾಲಯಗಳು ನೋಡುವುದು ಪತ್ರದ ಹೆಸರನ್ನಲ್ಲ. ಜಾಗದ ಸ್ವಾಧೀನ ನಿಜವಾಗಿ ಯಾರ ಕೈಯಲ್ಲಿದೆ ಎಂಬುದನ್ನು. ಮಾಲೀಕನ ಮುಂದೆ ‘ಇವನು ನನ್ನ ಪಾಲುಗಾರ’ ಎಂದವನು ಮುಂದೆ ಜಗಳ ಬಂದಾಗ ‘ಇವನು ನನ್ನ ನೌಕರ’ ಎಂದು ನಂಬಿಸುವುದು ಕಷ್ಟ.

ಇನ್ನು ನೋಂದಣಿ. ಕಾಯಿದೆಯ 69ನೆಯ ಕಲಮಿನಂತೆ, ನೋಂದಣಿಯಾಗದ ಸಂಸ್ಥೆಯ ಪಾಲುಗಾರನು ಕರಾರಿನ ಹಕ್ಕಿಗಾಗಿ ಸಹಪಾಲುಗಾರನ ಮೇಲೆ ದಾವೆ ಹೂಡುವಂತಿಲ್ಲ. ಆದರೆ ವಿಸರ್ಜನೆ, ವಿಸರ್ಜಿತ ಸಂಸ್ಥೆಯ ಲೆಕ್ಕಪತ್ರ ಇವನ್ನು ಕೇಳಬಹುದು. ಮಹಾರಾಷ್ಟ್ರದ 1984ರ ತಿದ್ದುಪಡಿಯು ಪಾಲುಗಾರರ ಪಾಲಿಗೆ ಈ ಬಾಗಿಲನ್ನೂ ಮುಚ್ಚಿತ್ತು. ಕೇವಲ ನಂಬಿಕೆಯ ಮೇಲೆ ಹಣ ಹೂಡಿದವನಿಗೆ ತನ್ನ ಪಾಲಿನ ಲೆಕ್ಕ ಕೇಳುವುದೂ ಅಸಾಧ್ಯವಾಗಿತ್ತು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತಿದ್ದುಪಡಿಯನ್ನು ಸಂವಿಧಾನವಿರುದ್ಧವೆಂದು ರದ್ದುಪಡಿಸಿತು. ಆದರೂ ವಿಸರ್ಜನೆಯ ದಿನದಿಂದ ಮೂರು ವರ್ಷಗಳೊಳಗೆ ಲೆಕ್ಕದ ದಾವೆ ಹೂಡಬೇಕು.

ಲಿಖಿತ ಕರಾರು ಇದ್ದರೆ ಎಲ್ಲವೂ ಸರಿಹೋಗುವುದೆಂದಲ್ಲ. ಮೆಕ್‌ಡೊನಾಲ್ಡ್ಸ್ ಸಂಸ್ಥೆಯೂ ದೆಹಲಿಯ ವಿಕ್ರಮ್ ಬಕ್ಷಿಯವರೂ 1995ರಲ್ಲಿ ಸಮಪಾಲಿನ ಕಂಪೆನಿಯನ್ನು ಕಟ್ಟಿದರು. 2013ರಲ್ಲಿ ಬಕ್ಷಿಯವರು ವ್ಯವಸ್ಥಾಪಕ ನಿರ್ದೇಶಕ ಸ್ಥಾನವನ್ನು ಕಳೆದುಕೊಂಡರು. 2017ರ ಜುಲೈಯಲ್ಲಿ ರಾಷ್ಟ್ರೀಯ ಕಂಪೆನಿ ಕಾನೂನು ನ್ಯಾಯಮಂಡಳಿಯು ಅವರನ್ನು ಮರಳಿ ನೇಮಿಸಿತು. ಮರುತಿಂಗಳೇ ಮೆಕ್‌ಡೊನಾಲ್ಡ್ಸ್ 169 ಉಪಾಹಾರಗೃಹಗಳ ಪರವಾನಗಿಯನ್ನು ಕೊನೆಗೊಳಿಸುವುದಾಗಿ ತಿಳಿಸಿತು. ರಾಜಿಯಾದದ್ದು 2019ರಲ್ಲಿ. ಅಧಿಕಾರಸ್ಥಾನ ಒಬ್ಬರಿಗೆ ದೊರೆತರೂ ಹೆಸರಿನ ಒಡೆತನ ಇನ್ನೊಬ್ಬರಲ್ಲಿ ಉಳಿದಿತ್ತು.

ಈ ವ್ಯಾಜ್ಯಗಳ ಭಾರವನ್ನು ಬಹುಮಟ್ಟಿಗೆ ಹೊರುವವರು ಊರಿನಲ್ಲಿರುವ ಕುಟುಂಬದವರು. ಕರಾರಿನಲ್ಲಿ ಬೇರೆ ಏರ್ಪಾಡಿಲ್ಲದಿದ್ದರೆ ಪಾಲುಗಾರನ ಮರಣದಿಂದ ಸಂಸ್ಥೆ ವಿಸರ್ಜನೆಯಾಗುತ್ತದೆ. ಲೆಕ್ಕ ತೀರಿಸದೆ ಉಳಿದವರು ಅದೇ ಬಂಡವಾಳದಿಂದ ವ್ಯಾಪಾರ ಮುಂದುವರಿಸಿದರೆ, ಮೃತನ ವಾರಸುದಾರರು ಆ ಪಾಲಿನಿಂದ ಬಂದ ಲಾಭವನ್ನಾಗಲಿ ಶೇಕಡಾ 6ರ ಬಡ್ಡಿಯನ್ನಾಗಲಿ ಕೇಳಬಹುದೆಂದು 37ನೆಯ ಕಲಮು ಹೇಳುತ್ತದೆ. ಆದರೆ ಪಾಲಿತ್ತೆಂಬುದನ್ನು ತೋರಿಸುವ ಹೊಣೆ ಅವರ ಮೇಲೆಯೇ ಬೀಳುತ್ತದೆ. ಯಾರ ಪಾಲು ಎಷ್ಟು, ಚೆಕ್ಕಿಗೆ ಯಾರ ಸಹಿ, ಬಾಡಿಗೆಯ ಹಕ್ಕೂ ಹೋಟೆಲಿನ ಹೆಸರೂ ಯಾರವು, ಬಿಟ್ಟುಹೋಗುವವನಿಗೆ ಬೆಲೆ ಕಟ್ಟುವ ರೀತಿ ಯಾವುದು, ಪಂಚಾಯತಿದಾರನು ಯಾರು ಎಂಬಿಷ್ಟನ್ನು ಬರೆದು, ಸಂಸ್ಥೆಯನ್ನು ನೋಂದಾಯಿಸಿ, ಒಂದು ಪ್ರತಿಯನ್ನು ಊರಿನ ಮನೆಯಲ್ಲಿಡುವುದಕ್ಕೆ ಹೆಚ್ಚು ಖರ್ಚು ತಗಲುವುದಿಲ್ಲ. ಮುಂದೆ ಆ ಮನೆಯವರ ಕೈಯಲ್ಲಿ ಉಳಿಯುವ ಸಾಕ್ಷ್ಯ ಬಹುಶಃ ಅದೊಂದೇ.