ಗಡಿಯಾರ ಗೋಪುರದ ಮುಂದೆ ನಿಂತ ಅಪ್ಪ: ಒಂದು ಫೋಟೋವನ್ನು ಓದುವುದು ಹೇಗೆ?

ಅಲ್ ಮುರಕ್ಕಬಾತ್, ದುಬೈ:



ಊರಿಗೆ ಫೋಟೋ ಕಳುಹಿಸದ ಅನಿವಾಸಿ ಕನ್ನಡಿಗರು ಯಾರಿದ್ದಾರೆ? ಇಂದು ಮೊಬೈಲ್‌ನಲ್ಲಿ ಕ್ಷಣಾರ್ಧದಲ್ಲಿ ತಲುಪುವ ಚಿತ್ರ, ಹಿಂದೆ ಊರಿಗೆ ಹೊರಟವರ ಪೆಟ್ಟಿಗೆಯಲ್ಲಿ ಪತ್ರದ ಜೊತೆ ಹೋಗುತ್ತಿತ್ತು. ಅಂಥ ಒಂದು ಫೋಟೋ ಇತ್ತೀಚೆಗೆ ನಮ್ಮ ಕೈಗೆ ಬಂತು. ಮುರಕ್ಕಬಾತ್‌ನಲ್ಲಿರುವ ನಮ್ಮ ಸ್ನೇಹಿತರೊಬ್ಬರು ಕುಂದಾಪುರದ ಮನೆಯ ಹಳೆಯ ಕಪಾಟು ಖಾಲಿ ಮಾಡುವಾಗ ಸಿಕ್ಕಿದ್ದು. 1982ರಲ್ಲಿ ಅವರ ತಂದೆ ದೇರಾದ ಗಡಿಯಾರ ಗೋಪುರದ ಮುಂದೆ ನಿಂತು ತೆಗೆಸಿಕೊಂಡ ಚಿತ್ರ. ತಂದೆ ಈಗಿಲ್ಲ. ಒಂದು ಶನಿವಾರ ಸಂಜೆ ನಾವು ನಾಲ್ಕು ಕುಟುಂಬದವರು ಮಕ್ಕಳೊಡನೆ ಕುಳಿತು ಆ ಚಿತ್ರವನ್ನು "ಓದಿದೆವು". ಅದರ ಸಾರಾಂಶ ಇಲ್ಲಿದೆ.

ಮೂಲಾಂಶಗಳು ಮತ್ತು ತತ್ವಗಳು

ರಂಗೋಲಿಯನ್ನೇ ತೆಗೆದುಕೊಳ್ಳಿ. ಚುಕ್ಕಿ, ಎಳೆ, ಬಣ್ಣ ಇವು ಸಾಮಗ್ರಿಗಳು. ಎಡ-ಬಲ ಸಮನಾಗಿರಬೇಕು, ನಡುವಿನ ಹೂವು ಎದ್ದು ಕಾಣಬೇಕು ಎನ್ನುವುದು ಜೋಡಿಸುವ ಕ್ರಮ. ಫೋಟೋದಲ್ಲೂ ಹೀಗೆಯೇ. ರೇಖೆ, ಆಕಾರ, ಬಣ್ಣ, ಬೆಳಕು-ನೆರಳು, ಮೇಲ್ಮೈ ಇವು ಮೂಲಾಂಶಗಳು. ಸಮತೋಲನ, ಒತ್ತು, ವೈದೃಶ್ಯ, ಲಯ, ಪ್ರಮಾಣ ಇವು ವಿನ್ಯಾಸದ ತತ್ವಗಳು.

ರೇಖೆ ಮತ್ತು ಒತ್ತು: 1960ರ ದಶಕದಲ್ಲಿ ಕಟ್ಟಿದ, 2023ರಲ್ಲಿ ನವೀಕರಣಗೊಂಡ ಈ ಗೋಪುರವನ್ನು ನೀವೆಲ್ಲ ನೋಡಿದ್ದೀರಿ. ಬಾಗಿದ ಕಾಲುಗಳು ಮೇಲೇರುತ್ತಾ ಹತ್ತಿರವಾಗಿ ಗಡಿಯಾರವನ್ನು ಎತ್ತಿ ಹಿಡಿದಿವೆ. ಆ ರೇಖೆಗಳು ನಮ್ಮ ಕಣ್ಣನ್ನು ಸೀದಾ ಮೇಲಕ್ಕೆ ಒಯ್ಯುತ್ತವೆ. ಹೀಗಾಗಿ ಚಿತ್ರದ ಒತ್ತು ಗಡಿಯಾರದ ಮೇಲೆ, ಕೆಳಗೆ ನಿಂತ ಮನುಷ್ಯನ ಮೇಲಲ್ಲ.

ಪ್ರಮಾಣ: ಚಿತ್ರವನ್ನು ಸ್ಕ್ಯಾನ್ ಮಾಡಿ ಅಳೆದಾಗ ತಂದೆಯವರ ಎತ್ತರ ಚಿತ್ರದ ಎತ್ತರದ ಹನ್ನೊಂದನೇ ಒಂದು ಭಾಗ ಮಾತ್ರ! ಗೋಪುರ ಪೂರ್ತಿ ಬರಲೆಂದು ಅವರು ಅದರ ಬುಡಕ್ಕೇ ಹೋಗಿ ನಿಂತಿದ್ದರು. ನಾವೆಲ್ಲ ಇಂದಿಗೂ ಮಾಡುವ ತಪ್ಪು ಇದೇ. ಕ್ಯಾಮೆರಾ ಇದ್ದಲ್ಲೇ ಇರಲಿ. 24 ಮೀಟರ್ ದೂರದಲ್ಲಿರುವ ವ್ಯಕ್ತಿ 3 ಮೀಟರ್‌ಗೆ ಬಂದರೆ ಚಿತ್ರದಲ್ಲಿ ಎಂಟು ಪಟ್ಟು ದೊಡ್ಡದಾಗಿ ಕಾಣುತ್ತಾನೆ. ಹಿಂದಿನ ಗೋಪುರ ಒಂದಿಷ್ಟೂ ಚಿಕ್ಕದಾಗುವುದಿಲ್ಲ.

ಬೆಳಕು: ಗಡಿಯಾರದ ಮುಳ್ಳು 12 ಗಂಟೆ 20 ನಿಮಿಷ ತೋರಿಸುತ್ತದೆ. ನಡುನೆತ್ತಿಯ ಬಿಸಿಲಿನಲ್ಲಿ ಹುಬ್ಬಿನ ನೆರಳು ಕಣ್ಣಿನ ಮೇಲೆ ಬೀಳುತ್ತದೆ, ಆದ್ದರಿಂದ ಕಣ್ಣುಗಳೇ ಕಾಣುವುದಿಲ್ಲ. ಸಂಜೆ ಏಕೆ ತೆಗೆಸಲಿಲ್ಲ ಎಂದು ಮಕ್ಕಳು ಕೇಳಿದರು. ಅವರಿಗೆ ಬಿಡುವಿದ್ದದ್ದು ಊಟದ ಹೊತ್ತಿನಲ್ಲಿ ಮಾತ್ರ ಎಂದು ಸ್ನೇಹಿತರು ಹೇಳಿದರು. ನೆರಳೂ ಒಂದು ಮಾಹಿತಿಯೇ ಎಂಬುದು ನಮಗೆ ಆಗ ಹೊಳೆಯಿತು.

ಬಣ್ಣ ಮತ್ತು ಮೇಲ್ಮೈ: ಆ ಕಾಲದ ಕಲರ್ ಪ್ರಿಂಟ್‌ಗಳಲ್ಲಿ ಹಲವು ಕ್ರಮೇಣ ಕೆಂಪಗಾಗುತ್ತವೆ, ನೀಲಿ-ಹಸಿರು ಬಣ್ಣ ಮೊದಲು ಮಾಸುವುದರಿಂದ. ಇಲ್ಲಿಯೂ ಆಕಾಶ ಕೆಂಪಗಾಗಿದೆ. ಆದರೆ ಒಂದು ಕಡೆ ಬಣ್ಣ ಮಾಸಿದ್ದಲ್ಲ, ಸವೆದದ್ದು. ಅದು ತಂದೆಯವರು ನಿಂತಿರುವ ಜಾಗ. ಅಜ್ಜಿ ಬಂದವರಿಗೆಲ್ಲ "ಇವನೇ ನನ್ನ ಮಗ" ಎಂದು ಬೆರಳಿಟ್ಟು ತೋರಿಸುತ್ತಿದ್ದರಂತೆ. ವಿನ್ಯಾಸದ ಲೆಕ್ಕದಲ್ಲಿ ಒತ್ತು ಗೋಪುರದ ಮೇಲೆ. ಅಜ್ಜಿಯ ಲೆಕ್ಕದಲ್ಲಿ ಅದು ಬೇರೆಯೇ ಕಡೆ ಇತ್ತು. ಹಿಂಬದಿಯಲ್ಲಿ ತಂದೆ ಬರೆದಿದ್ದು ಎರಡೇ ಮಾತು: "ಸುಖವಾಗಿದ್ದೇನೆ, ಚಿಂತೆ ಬೇಡ." ಚಿತ್ರದಲ್ಲಿ ಅದನ್ನು ಪರೀಕ್ಷಿಸಲು ಅಜ್ಜಿಗೆ ಮುಖವೇ ಕಾಣುತ್ತಿರಲಿಲ್ಲ.

ನಾವು ತೆಗೆದ ಫೋಟೋ

ಮರುವಾರ ಅದೇ ಜಾಗಕ್ಕೆ ನಡೆದು ಹೋದೆವು. ಈ ಬಾರಿ ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮೊದಲು, ಬೆಳಕು ಪಕ್ಕದಿಂದ ಮುಖಕ್ಕೆ ಬೀಳುವಂತೆ. ಮೊಬೈಲ್‌ನಲ್ಲಿ ಗ್ರಿಡ್ ಗೆರೆಗಳನ್ನು ಹಾಕಿಕೊಂಡು ಸ್ನೇಹಿತರ ಕಣ್ಣುಗಳನ್ನು ಮೇಲಿನ ಗೆರೆಯ ಮೇಲೆ, ಎಡಭಾಗದಲ್ಲಿ ಇರಿಸಿದೆವು. ಚಿತ್ರವನ್ನು ಮೂರು ಭಾಗ ಮಾಡುವ ಈ ನಿಯಮ ಹೊಸದೇನಲ್ಲ, ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್ 1797ರಲ್ಲೇ ಇದನ್ನು ಬರೆದಿದ್ದರು. ಬಲಕ್ಕೆ ಗೋಪುರ, ಸ್ವಲ್ಪ ಮಸುಕಾಗಿ. ಎರಡೂ ಬದಿ ಒಂದೇ ರೀತಿ ಇಲ್ಲದಿದ್ದರೂ ತೂಕ ಸಮವಾಗಿತ್ತು.

ಮೈಸೂರಿನ ಟಿ.ಎಸ್. ಸತ್ಯನ್ (1923-2009) ಅವರನ್ನು ಇಲ್ಲಿ ನೆನೆಯಲೇಬೇಕು. 1977ರಲ್ಲಿ ಪದ್ಮಶ್ರೀ ಪಡೆದ ಈ ಕನ್ನಡಿಗ ಛಾಯಾಗ್ರಾಹಕರು ಹೆಸರಾದದ್ದು ಸಾಮಾನ್ಯ ಜನರ, ಮಕ್ಕಳ ದಿನನಿತ್ಯದ ಬದುಕನ್ನು ಸೆರೆಹಿಡಿದು. ನಮಗೂ ಅದೇ ಪಾಠ: ಮೊದಲು ಮನುಷ್ಯ, ಆಮೇಲೆ ಕಟ್ಟಡ.

ಒಂದು ಎಚ್ಚರಿಕೆ

ಚಿತ್ರದ ಅಂಚುಗಳನ್ನು ಗಮನಿಸುವುದು ಅಂದಕ್ಕಾಗಿ ಮಾತ್ರವಲ್ಲ. ಯುಎಇಯ 2021ರ ಸೈಬರ್ ಅಪರಾಧ ಕಾನೂನಿನ ಪ್ರಕಾರ ಒಪ್ಪಿಗೆಯಿಲ್ಲದೆ ಇತರರ ಚಿತ್ರ ತೆಗೆದು ಅವರ ಖಾಸಗಿತನಕ್ಕೆ ಧಕ್ಕೆ ತರುವುದು ಶಿಕ್ಷಾರ್ಹ. ಹಿನ್ನೆಲೆಯಲ್ಲಿ ಅಪರಿಚಿತರ ಮುಖ ಸ್ಪಷ್ಟವಾಗಿದ್ದರೆ ಕೋನ ಬದಲಿಸಿ, ಇಲ್ಲವೇ ಕಾಯಿರಿ.

ಕೊನೆಯದಾಗಿ

ಫೋಟೋ ಕುಂದಾಪುರಕ್ಕೆ ಹೋದ ಹತ್ತು ನಿಮಿಷದಲ್ಲಿ ಸ್ನೇಹಿತರ ತಾಯಿಯ ಫೋನ್ ಬಂತು. ಗೋಪುರದ ಮಾತೇ ಇಲ್ಲ! "ಎಷ್ಟು ಬಡವಾಗಿದ್ದಿ ಮಗಾ, ರಾತ್ರಿ ನಿದ್ದೆ ಮಾಡ್ತಾ ಇಲ್ವಾ?" ಎಂದು ಕೇಳಿದರು. ಆರು ತಿಂಗಳಿಂದ ಕೆಲಸದ ಚಿಂತೆಯಲ್ಲಿದ್ದ ಸ್ನೇಹಿತರು ಅಂದು ಮೊದಲ ಬಾರಿಗೆ ಅಮ್ಮನ ಬಳಿ ಎಲ್ಲವನ್ನೂ ಹೇಳಿಕೊಂಡರು.

ನಿಮ್ಮ ಮನೆಯಲ್ಲೂ ಇಂಥ ಹಳೆಯ ಫೋಟೋ ಇರಬಹುದು. ಮಕ್ಕಳ ಜೊತೆ ಕುಳಿತು ಒಮ್ಮೆ ಓದಿ ನೋಡಿ. ಮುಂದಿನ ಬಾರಿ ಊರಿಗೆ ಚಿತ್ರ ಕಳುಹಿಸುವಾಗ ನಾಲ್ಕು ಹೆಜ್ಜೆ ಕ್ಯಾಮೆರಾದ ಹತ್ತಿರ ಬನ್ನಿ.